ತುಂಬುವ ಮೊದಲೇ ಬೇಯಿಸಿ

ಪ್ರಶ್ನೆ: ಕೆಲಸ ಮುಗಿಸಿ ಮನೆ ಸೇರುವಾಗ ಸಂಜೆ ಏಳಾಗಿರುತ್ತದೆ. ರಾತ್ರಿಯೂಟದಲ್ಲಿ ತರಕಾರಿ ಜಾಸ್ತಿ ಇರಲಿ ಅಂತ ಇತ್ತೀಚೆಗೆ ತುಂಬಿದ ಕ್ಯಾಪ್ಸಿಕಂ ಮಾಡಲು ಶುರು ಮಾಡಿದ್ದೇನೆ. ಒಂದೂಕಾಲು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಬೇಯಿಸಿದರೂ ಕ್ಯಾಪ್ಸಿಕಂ ಒಂದು ಕಡೆ ಹಸಿ, ಇನ್ನೊಂದು ಕಡೆ ಕಪ್ಪು. ಒಳಗಿನ ಅನ್ನ ಒಮ್ಮೆ ಒಣಗಿರುತ್ತದೆ, ಒಮ್ಮೆ ಮುದ್ದೆಯಾಗಿರುತ್ತದೆ. ತಟ್ಟೆಗೆ ಹಾಕಿದರೆ ಸುತ್ತಲೂ ನೀರು. ಮನೆಯ ಹಿರಿಯರೊಬ್ಬರಿಗೆ ಸಕ್ಕರೆ ಕಾಯಿಲೆ ಇದೆ. ಚಿಕ್ಕ ಮಗಳು ಕ್ಯಾಪ್ಸಿಕಂ ಪಕ್ಕಕ್ಕೆ ತಳ್ಳಿ ಒಳಗಿನದ್ದನ್ನಷ್ಟೇ ತಿನ್ನುತ್ತಾಳೆ. ಇದು ಕೆಲಸದ ದಿನಕ್ಕೆ ಒಗ್ಗುವ ಅಡುಗೆಯೇ? ನಿಜವಾಗಿ ಆರೋಗ್ಯಕ್ಕೆ ಒಳ್ಳೆಯದೇ? ಓವನ್ ಇಲ್ಲದೆ ಆಗುತ್ತದೆಯೇ? ಹಿಂದಿನ ದಿನವೇ ಮಾಡಿಟ್ಟುಕೊಳ್ಳಬಹುದೇ?

ಉತ್ತರ: ಖಂಡಿತ ಒಗ್ಗುತ್ತದೆ, ಆದರೆ ನೀವು ಈಗ ಮಾಡುತ್ತಿರುವ ಕ್ರಮದಲ್ಲಲ್ಲ. ಹಸಿ ಕಾಯಿಯೊಳಗೆ ಹೂರಣ ತುಂಬಿ, ಎರಡೂ ಒಟ್ಟಿಗೇ ಬೇಯಲಿ ಅಂತ ಕಾಯುವುದು ರಜೆಯ ದಿನದ ಅಡುಗೆ. ಕೆಲಸದ ದಿನ ಕಾಯಿಯನ್ನು ಬೇರೆ ಬೇಯಿಸಿ, ಹೂರಣವನ್ನು ಬೇರೆ ಬೇಯಿಸಿ, ಕೊನೆಯ ಐದರಿಂದ ಎಂಟು ನಿಮಿಷಕ್ಕೆ ಮಾತ್ರ ಎರಡನ್ನೂ ಸೇರಿಸಿ. ನೀವು ಬರೆದಿರುವ ತೊಂದರೆಗಳಲ್ಲಿ ಹೆಚ್ಚಿನವು ಇಷ್ಟರಿಂದಲೇ ಹೋಗುತ್ತವೆ. ಹಸಿ ಉಳಿಯುವುದು, ಒಣಗುವುದು, ನೀರು ಬಿಡುವುದು ಮೂರಕ್ಕೂ ಕಾರಣ ಒಂದೇ.

ಇಡೀ ಕ್ಯಾಪ್ಸಿಕಂನ ತಲೆ ಕತ್ತರಿಸಿ, ಒಳಗೆ ಒತ್ತಿ ತುಂಬಿ, ನಿಲ್ಲಿಸಿ ಬೇಯಿಸುತ್ತೀರಿ ಅಂದುಕೊಳ್ಳೋಣ. ಬಿಸಿ ಮೊದಲು ಕಾಯಿಯ ಗೋಡೆ ದಾಟಬೇಕು. ಆಮೇಲೆ ಒತ್ತಾಗಿ ಕೂತಿರುವ ಹೂರಣದ ನಡುವಿಗೆ ಹೋಗಬೇಕು. ಒತ್ತಿದ ಅನ್ನ, ಬೇಳೆ, ಖೀಮಾ ಇವುಗಳಲ್ಲಿ ಬಿಸಿ ಬಹಳ ನಿಧಾನ ಹರಿಯುತ್ತದೆ. ದಪ್ಪ ಎರಡರಷ್ಟಾದರೆ ನಡುವಿಗೆ ಬಿಸಿ ತಲುಪಲು ಬೇಕಾಗುವ ಹೊತ್ತು ಎರಡರಷ್ಟಲ್ಲ, ಸುಮಾರು ನಾಲ್ಕರಷ್ಟು. ನಡುಭಾಗ ಬಿಸಿಯಾಗಲಿ ಅಂತ ನೀವು ಕಾಯುತ್ತಿರುವಾಗ ಹೊರಗಿನ ಸಿಪ್ಪೆ ಸುಡುತ್ತದೆ, ಮೇಲಿನ ಅನ್ನ ಒಣಗುತ್ತದೆ. ಕಾಯಿಯೊಳಗಿನ ನೀರು ಬೇರೆ ಕೆಳಗೆ ಇಳಿಯುತ್ತಿರುತ್ತದೆ. ಕ್ಯಾಪ್ಸಿಕಂನ ತೂಕದಲ್ಲಿ 90 ಭಾಗಕ್ಕೂ ಜಾಸ್ತಿ ನೀರೇ. ಬೆಂದಾಗ ಅದು ಎಲ್ಲಾದರೂ ಹೋಗಲೇಬೇಕಲ್ವಾ? ತಳದಲ್ಲಿರುವ ಹೂರಣಕ್ಕೆ ಇಳಿದು ಅದನ್ನು ಮುದ್ದೆ ಮಾಡುತ್ತದೆ, ಉಳಿದದ್ದು ತಟ್ಟೆಗೆ ಬರುತ್ತದೆ.

ಹಾಗಾಗಿ ಮೊದಲ ಬದಲಾವಣೆ ಕತ್ತರಿಸುವ ರೀತಿಯಲ್ಲಿ. ಕ್ಯಾಪ್ಸಿಕಂ ಅನ್ನು ತೊಟ್ಟಿನಿಂದ ತಳದವರೆಗೆ ಉದ್ದಕ್ಕೆ ಎರಡು ಮಾಡಿ. ತೊಟ್ಟು ಬಿಡಿಸಬೇಡಿ, ಅದನ್ನೂ ಸೀಳಿ ಎರಡೂ ಹೋಳಿನಲ್ಲಿ ಉಳಿಸಿ. ತೊಟ್ಟು ಇದ್ದರೆ ಆ ಕಡೆಯಿಂದ ಹೂರಣ ಜಾರುವುದಿಲ್ಲ. ಬೀಜ ಮತ್ತು ಬಿಳಿ ನಾರು ತೆಗೆದರೆ ಎರಡು ಪುಟ್ಟ ದೋಣಿಗಳು ಸಿಗುತ್ತವೆ. ಇದರಲ್ಲಿ ಹೂರಣದ ದಪ್ಪ ಎರಡು ಮೂರು ಸೆಂಟಿಮೀಟರ್ ಮೀರುವುದಿಲ್ಲ. ಮೇಲ್ಭಾಗ ಅಗಲವಾಗಿ ತೆರೆದಿರುವುದರಿಂದ ಹಬೆ ಹೊರಗೆ ಹೋಗುತ್ತದೆ. ನಿಲ್ಲಿಸಿದ ಇಡೀ ಕ್ಯಾಪ್ಸಿಕಂ ನೋಡಲು ಚೆಂದ, ಅದನ್ನು ಒಪ್ಪುತ್ತೇನೆ. ಆದರೆ ಮಂಗಳವಾರ ರಾತ್ರಿ ಎಂಟಕ್ಕೆ ಚೆಂದಕ್ಕಿಂತ ಊಟ ಮುಖ್ಯ.

ಎರಡನೆಯದು, ಖಾಲಿ ಹೋಳನ್ನೇ ಮೊದಲು ಬೇಯಿಸಿಕೊಳ್ಳುವುದು. ತರಕಾರಿ ಮೆತ್ತಗಾಗುವುದು ಅದರ ಜೀವಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಕರಗಿದಾಗ. ಅದಕ್ಕೆ ಸುಮಾರು 85 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿನ ಬಿಸಿ ಬೇಕು. ತಣ್ಣಗಿನ ಹೂರಣ ತುಂಬಿದ ಕಾಯಿಯಲ್ಲಿ ಒಳಗೋಡೆ ಆ ಬಿಸಿಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ. ಖಾಲಿ ಹೋಳಿನಲ್ಲಿ ಕೆಲವೇ ನಿಮಿಷ ಸಾಕು. ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಪೆಕ್ಟಿನ್ ಹುಳಿಯಲ್ಲಿ ಬೇಗ ಕರಗುವುದಿಲ್ಲ. ಹಸಿ ಕ್ಯಾಪ್ಸಿಕಂ ಮೇಲೆ ಟೊಮೆಟೊ ಸಾಸ್ ಸುರಿದು ಬೇಯಲು ಇಟ್ಟರೆ ಅದು ಗಂಟೆಗಟ್ಟಲೆ ಕರಕರ ಅನ್ನುತ್ತಲೇ ಇರುವುದು ಇದರಿಂದಲೇ. ಟೊಮೆಟೊ, ನಿಂಬೆರಸ, ಮೊಸರು ಏನೇ ಇರಲಿ, ಕಾಯಿ ಮೆತ್ತಗಾದ ಮೇಲೆ ಹಾಕಿ.

ಬೇಯಿಸುವ ದಾರಿ ಮೂರಿವೆ, ನಿಮ್ಮಲ್ಲಿ ಏನಿದೆಯೋ ಅದು ಸಾಕು. ದಪ್ಪ ತಳದ ಅಗಲ ಬಾಣಲೆಗೆ ಒಂದು ಚಮಚ ಎಣ್ಣೆ ಸವರಿ, ಹೋಳುಗಳನ್ನು ಕತ್ತರಿಸಿದ ಬದಿ ಕೆಳಗೆ ಮಾಡಿ ಇಡಿ. ಮಧ್ಯಮ ಉರಿಯಲ್ಲಿ ಎರಡು ನಿಮಿಷ ಬಿಟ್ಟು, ಎರಡು ದೊಡ್ಡ ಚಮಚ ನೀರು ಚಿಮುಕಿಸಿ ಮುಚ್ಚಳ ಹಾಕಿ. ಐದಾರು ನಿಮಿಷಕ್ಕೆ ಬೇಯುತ್ತದೆ. ಮೈಕ್ರೋವೇವ್ ಇದ್ದರೆ ತಟ್ಟೆಯಲ್ಲಿ ಹೋಳುಗಳನ್ನಿಟ್ಟು, ಒಂದು ಚಮಚ ನೀರು ಹಾಕಿ, ಮುಚ್ಚಿ, ನಾಲ್ಕು ಹೋಳಿಗೆ ನಾಲ್ಕು ನಿಮಿಷ ಕೊಡಿ. ಓವನ್ ಇದ್ದರೆ 200 ಡಿಗ್ರಿಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ, ಅದರಲ್ಲೂ ಬೋರಲು ಹಾಕಿಯೇ. ಬೆರಳಲ್ಲಿ ಒತ್ತಿ ನೋಡಿ. ಗೋಡೆ ಬಗ್ಗಬೇಕು, ಆದರೆ ಬಿಟ್ಟರೆ ಮತ್ತೆ ನೇರವಾಗಬೇಕು. ಅದೇ ಹದ. ತೆಗೆದ ಮೇಲೆ ಒಂದೆರಡು ನಿಮಿಷ ಬೋರಲಾಗಿಯೇ ಇಡಿ. ಕೆಳಗೆ ನಿಲ್ಲುವ ನೀರನ್ನು ನೋಡಿದರೆ ಇದುವರೆಗೆ ನಿಮ್ಮ ತಟ್ಟೆಗೆ ಬರುತ್ತಿದ್ದ ನೀರು ಎಲ್ಲಿಂದ ಬರುತ್ತಿತ್ತು ಅಂತ ಗೊತ್ತಾಗುತ್ತದೆ. ಚೆಲ್ಲಬೇಡಿ, ಹೂರಣ ಒಣಗಿದ್ದರೆ ಅದಕ್ಕೇ ಒಂದು ಚಮಚ ಸೇರಿಸಬಹುದು.

ಕುದಿಯುವ ನೀರಲ್ಲಿ ಮುಳುಗಿಸಿ ಬೇಯಿಸುವ ಸಲಹೆಯನ್ನೂ ನೀವು ಕೇಳಿರಬಹುದು. ನಾನು ಅದನ್ನು ಹೇಳುವುದಿಲ್ಲ. ಕ್ಯಾಪ್ಸಿಕಂನ ದೊಡ್ಡ ಗುಣವೇ ಸಿ ವಿಟಮಿನ್. ಕೆಂಪು ಹಣ್ಣಿನ 100 ಗ್ರಾಂನಲ್ಲಿ 120 ಮಿಲಿಗ್ರಾಂಗೂ ಜಾಸ್ತಿ, ಹಸಿರಿನಲ್ಲಿ ಸುಮಾರು 80 ಮಿಲಿಗ್ರಾಂ. ಅದು ನೀರಲ್ಲಿ ಕರಗುತ್ತದೆ, ಬಿಸಿಗೂ ಕೆಡುತ್ತದೆ. ಮುಳುಗಿಸಿ ಬೇಯಿಸಿ ಆ ನೀರು ಚೆಲ್ಲಿದರೆ ಅದರ ಜೊತೆಗೇ ಹೋಯಿತು. ಹಬೆಯಲ್ಲಿ, ಮೈಕ್ರೋವೇವ್‌ನಲ್ಲಿ, ಬಾಣಲೆಯಲ್ಲಿ ಸ್ವಲ್ಪ ಹೊತ್ತು ಬೇಯಿಸಿದರೆ ಹೆಚ್ಚಿನದು ಉಳಿಯುತ್ತದೆ.

ಈಗ ಹೂರಣ. ಇದಕ್ಕೆ ನನ್ನ ನಿಯಮ ಸರಳ: ಹಾಗೇ ತಟ್ಟೆಗೆ ಹಾಕಿಕೊಂಡು ತಿನ್ನುವಂತಿರಬೇಕು. ಉಪ್ಪು, ಹುಳಿ, ಖಾರ ಎಲ್ಲ ಸರಿಯಾಗಿರಬೇಕು, ಪೂರ್ತಿ ಬೆಂದಿರಬೇಕು. ಒಳಗೆ ಹೋದ ಮೇಲೆ ಅದು ಬೇಯುತ್ತದೆ, ರುಚಿ ಕೂಡುತ್ತದೆ ಅಂತ ನಂಬಬೇಡಿ. ಹಸಿ ಅಕ್ಕಿಯನ್ನು ಕಾಯಿಯೊಳಗೆ ಬೇಯಿಸುವ ಹಳೆಯ ರೀತಿ ಇದೆ. ಅದಕ್ಕೆ ಅಕ್ಕಿಯ ಎರಡರಷ್ಟು ನೀರು ಒಳಗೆ ಸಿಗಬೇಕು, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಸಣ್ಣ ಉರಿ ಬೇಕು. ಬಿಡುವಿದ್ದಾಗ ಮಾಡಿ, ರುಚಿ ಚೆನ್ನಾಗಿಯೇ ಇರುತ್ತದೆ. ಕೆಲಸದ ದಿನ ಬೇಡ.

ನಾಲ್ಕು ಜನರಿಗೆ ದೊಡ್ಡ ನಾಲ್ಕು ಕ್ಯಾಪ್ಸಿಕಂ, ಅಂದರೆ ಎಂಟು ಹೋಳು. ಅದಕ್ಕೆ ಬೆಂದ ಕಾಳು 400 ಗ್ರಾಂ, ಅನ್ನ 240 ಗ್ರಾಂ, ಒಂದು ದೊಡ್ಡ ಈರುಳ್ಳಿ, ನಾಲ್ಕಾರು ಎಸಳು ಬೆಳ್ಳುಳ್ಳಿ, ಎರಡು ಟೊಮೆಟೊ, ಒಂದು ಹಿಡಿ ಹೆಚ್ಚಿದ ಸೊಪ್ಪು. ಹಸಿಯ ಲೆಕ್ಕದಲ್ಲಿ ಕಾಳು ಸುಮಾರು 160 ಗ್ರಾಂ, ಅಕ್ಕಿ 80 ಗ್ರಾಂ. ಕಾಳು ಅಂದಾಗ ಇಡೀ ಮಸೂರ, ಹೆಸರುಕಾಳು, ಕಾಬೂಲಿ ಕಡಲೆ, ರಾಜ್ಮಾ ಯಾವುದೂ ಆದೀತು. ಒಡೆದ ಬೇಳೆ ಮಾತ್ರ ಕರಗಿ ಪಾಯಸವಾಗದಂತೆ ನೋಡಿಕೊಳ್ಳಬೇಕು. ಈರುಳ್ಳಿ, ಬೆಳ್ಳುಳ್ಳಿಯನ್ನು ನಾಲ್ಕು ಚಿಕ್ಕ ಚಮಚ ಎಣ್ಣೆಯಲ್ಲಿ ಬಾಡಿಸಿ. ಟೊಮೆಟೊ ಹಾಕಿ, ಅದು ಕರಗಿ ಎಣ್ಣೆ ಬದಿಗೆ ಬರುವವರೆಗೆ ಬಿಡಿ. ಇಲ್ಲಿ ಅವಸರ ಬೇಡ. ಟೊಮೆಟೊದ ನೀರು ಆರದಿದ್ದರೆ ಮುಂದೆ ಎಲ್ಲ ಕಡೆ ಅದೇ ಜಿನುಗುತ್ತದೆ. ಆಮೇಲೆ ಕಾಳು, ಅನ್ನ, ಉಪ್ಪು, ನಿಮಗಿಷ್ಟವಾದ ಮಸಾಲೆ. ಕಾಳಿನ ಕಾಲು ಭಾಗವನ್ನು ಸೌಟಿನ ಹಿಂಬದಿಯಿಂದ ಅರೆದುಬಿಡಿ. ಅದೇ ಅಂಟು. ಮೊಟ್ಟೆ, ಬ್ರೆಡ್ ಪುಡಿ ಏನೂ ಬೇಕಾಗುವುದಿಲ್ಲ. ಒಂದು ಚಮಚ ತೆಗೆದು ಬೋರಲು ಮಾಡಿದರೆ ಹೂರಣ ಒಂದು ಕ್ಷಣ ನಿಂತು ಆಮೇಲೆ ಬೀಳಬೇಕು. ತಕ್ಷಣ ಜಾರಿದರೆ ನೀರು ಜಾಸ್ತಿಯಾಗಿದೆ, ಬೀಳದೇ ಹೋದರೆ ಒಣಗಿದೆ.

ಉಪ್ಪಿನ ಬಗ್ಗೆ ಒಂದು ಮಾತು. ಕಾಯಿಯ ಗೋಡೆಗೆ ಉಪ್ಪೇ ಇರುವುದಿಲ್ಲ. ಹಾಗಂತ ಹೂರಣಕ್ಕೆ ಎರಡರಷ್ಟು ಉಪ್ಪು ಹಾಕುವವರಿದ್ದಾರೆ. ಬೆಂದ ಹೋಳಿನ ಒಳಗೆ ಒಂದು ಚಿಟಿಕೆ ಉದುರಿಸಿ, ಎರಡು ಹನಿ ನಿಂಬೆರಸ ಸವರಿದರೆ ಕಡಿಮೆ ಉಪ್ಪಲ್ಲೇ ಎರಡೂ ಹೊಂದಿಕೊಳ್ಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಸುಮಾರು ಒಂದು ಚಿಕ್ಕ ಚಮಚ. ಡಬ್ಬಿಯ ಕಾಳು, ಬಾಟಲಿ ಸಾಸ್, ಚೀಸ್ ಮೂರರಲ್ಲೂ ಉಪ್ಪಿದೆ. ಮೂರನ್ನೂ ಒಟ್ಟಿಗೆ ಹಾಕಿದ ದಿನ ನೀವು ಬೇರೆ ಉಪ್ಪು ಹಾಕುವ ಅಗತ್ಯವೇ ಬೀಳದಿರಬಹುದು. ಡಬ್ಬಿಯ ಕಾಳನ್ನು ನೀರಲ್ಲಿ ತೊಳೆದು ಬಸಿದರೆ ಉಪ್ಪು ಸ್ವಲ್ಪ ಹೋಗುತ್ತದೆ.

ಇನ್ನು ಆರೋಗ್ಯದ ಪ್ರಶ್ನೆ. ಕ್ಯಾಪ್ಸಿಕಂ ಇದೆ ಅಂದ ಮಾತ್ರಕ್ಕೆ ಊಟ ಆರೋಗ್ಯದ್ದಾಗುವುದಿಲ್ಲ. 150 ಗ್ರಾಂನ ಒಂದು ಕಾಯಿಯಲ್ಲಿ 30ರಿಂದ 40 ಕ್ಯಾಲೊರಿ ಅಷ್ಟೆ. ಊಟದ ಹಣೆಬರಹ ಬರೆಯುವುದು ಹೂರಣ. ಮೇಲೆ ಹೇಳಿದ ಅಳತೆಯಲ್ಲಿ ಒಬ್ಬರಿಗೆ ಎರಡು ಹೋಳು ಅಂತ ಲೆಕ್ಕ ಹಾಕಿ: ಕಾಳಿನಿಂದ ಸುಮಾರು 115 ಕ್ಯಾಲೊರಿ, ಅನ್ನದಿಂದ 80ರ ಹತ್ತಿರ, ಒಂದು ಚಿಕ್ಕ ಚಮಚ ಎಣ್ಣೆಯಿಂದ 40, ಈರುಳ್ಳಿ ಟೊಮೆಟೊದಿಂದ ಇಪ್ಪತ್ತೋ ಮೂವತ್ತೋ. ಮೇಲೆ 20 ಗ್ರಾಂ ಚೀಸ್ ತುರಿದರೆ ಇನ್ನೂ 80. ಎಲ್ಲ ಸೇರಿ 375ರ ಆಸುಪಾಸು. ಪ್ರೊಟೀನ್ 16, 17 ಗ್ರಾಂ ಸಿಗುತ್ತದೆ. ನಾರಿನಂಶವೂ ಚೆನ್ನಾಗಿದೆ. ಜೊತೆಗೆ ಒಂದು ಬಟ್ಟಲು ಮೊಸರೋ ಸಲಾಡೋ ಇದ್ದರೆ ಹೊಟ್ಟೆ ತುಂಬುವ ಊಟ. ಹಸಿವು ಜಾಸ್ತಿ ಇರುವವರಿಗೆ ಮೂರನೇ ಹೋಳು ಕೊಡಿ.

ಇದೇ ಅಡುಗೆ ಸುಲಭವಾಗಿ ಕೆಡುವುದೂ ಇದೆ. ಕಾಳು ಬಿಟ್ಟು ಬರೀ ಅನ್ನ ತುಂಬಿದರೆ ಅದು ಕ್ಯಾಪ್ಸಿಕಂ ಪಾತ್ರೆಯಲ್ಲಿ ಬಡಿಸಿದ ಅನ್ನ. ಬರೀ ಆಲೂಗಡ್ಡೆ ತುಂಬಿದರೂ ಹಾಗೇ. ಚೀಸ್ ಅನ್ನು ಹೂರಣದ ಒಳಗೆ ಕಲಸಿದರೆ ಎಷ್ಟು ಹಾಕಿದಿರಿ ಅಂತ ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಮೇಲೆ ಮಾತ್ರ ತುರಿಯಿರಿ, ಅದೂ ಘಾಟು ರುಚಿಯ ಗಟ್ಟಿ ಚೀಸ್ ಆದರೆ ಸ್ವಲ್ಪದರಲ್ಲೇ ಆಗುತ್ತದೆ. ಎಣ್ಣೆಯನ್ನು ಪೂರ್ತಿ ಬಿಡುವುದೂ ಬೇಡ. ಕೆಂಪು, ಹಳದಿ ಕ್ಯಾಪ್ಸಿಕಂನ ಬಣ್ಣ ಕೊಡುವ ಕ್ಯಾರೊಟಿನಾಯ್ಡ್‌ಗಳು ಮೈಗೆ ಹತ್ತಲು ಸ್ವಲ್ಪ ಜಿಡ್ಡು ಬೇಕು. ನನಗೆ ಈ ಅಡುಗೆಯಲ್ಲಿ ತುಂಬ ಇಷ್ಟವಾಗುವುದು ಇನ್ನೊಂದು ಹೊಂದಾಣಿಕೆ. ಕಾಳುಗಳಲ್ಲಿರುವ ಕಬ್ಬಿಣದ ಅಂಶವನ್ನು ನಮ್ಮ ಕರುಳು ಅಷ್ಟು ಸುಲಭವಾಗಿ ಹೀರುವುದಿಲ್ಲ. ಜೊತೆಗೆ ಸಿ ವಿಟಮಿನ್ ಇದ್ದರೆ ಚೆನ್ನಾಗಿ ಹೀರುತ್ತದೆ. ಕಾಳು ತುಂಬಿದ ಕ್ಯಾಪ್ಸಿಕಂನಲ್ಲಿ ಎರಡೂ ಒಂದೇ ತುತ್ತಿನಲ್ಲಿ ಬರುತ್ತವೆ.

ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಬೇರೆ ಅಡುಗೆ ಬೇಡ. ಅವರ ಹೋಳುಗಳಿಗೆ ಅನ್ನ ಕಡಿಮೆ ಮಾಡಿ, ಅಷ್ಟೇ ಜಾಗಕ್ಕೆ ಕಾಳು, ಪನೀರ್, ತೋಫು, ಹೆಚ್ಚಿ ಹುರಿದ ಅಣಬೆ ಅಥವಾ ತುರಿದು ಬಾಡಿಸಿದ ಹೂಕೋಸು ಹಾಕಿ. ಅನ್ನ ಕಲಸುವ ಮೊದಲೇ ಅವರ ಪಾಲು ತೆಗೆದಿಟ್ಟರೆ ಆಯಿತು. ಕಾಳಿನಲ್ಲೂ ಪಿಷ್ಟ ಇದೆ, ಆದರೆ ನಾರು, ಪ್ರೊಟೀನ್ ಜೊತೆಗಿರುವುದರಿಂದ ಅದು ನಿಧಾನವಾಗಿ ಜೀರ್ಣವಾಗುತ್ತದೆ. ಅವರು ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ರಾತ್ರಿಯ ಅನ್ನವನ್ನು ಒಮ್ಮೆಗೇ ಪೂರ್ತಿ ನಿಲ್ಲಿಸಬೇಡಿ. ಸಕ್ಕರೆ ತೀರಾ ಇಳಿದುಬಿಡಬಹುದು. ಅವರ ವೈದ್ಯರನ್ನು ಒಂದು ಮಾತು ಕೇಳಿ.

ಕ್ಯಾಪ್ಸಿಕಂ ಒಂದನ್ನೇ ಹಿಡಿದು ಕೂರಬೇಕಿಲ್ಲ. ಆದರೆ ಒಂದೊಂದು ಕಾಯಿಯ ಸ್ವಭಾವ ಒಂದೊಂದು ಥರ.

ಬದನೆಕಾಯಿ ತುಂಬಲು ಅತಿ ರುಚಿ, ಅತಿ ಮೋಸ. ಅದರ ತಿರುಳಿನ ತುಂಬ ಗಾಳಿಯ ಸಣ್ಣ ಗೂಡುಗಳಿವೆ. ಬಾಣಲೆಗೆ ಎಷ್ಟು ಎಣ್ಣೆ ಹಾಕಿದರೂ ಒಳಗೆ ಎಳೆದುಕೊಳ್ಳುತ್ತದೆ, ಮೇಲೆ ಒಣಗಿದಂತೆ ಕಾಣುತ್ತದೆ, ನಾವು ಇನ್ನೂ ಸುರಿಯುತ್ತೇವೆ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲೊರಿ. ಹೀಗೆ ನಾಲ್ಕು ಚಮಚ ಹೀರಿದ ಬದನೆ ಹಗುರ ಊಟವಾಗಿ ಉಳಿಯುವುದಿಲ್ಲ. ದಾರಿ ಏನೆಂದರೆ, ಎಣ್ಣೆ ಮುಟ್ಟಿಸುವ ಮೊದಲು ಆ ಗಾಳಿಗೂಡು ಕುಸಿಯಬೇಕು. ಉದ್ದಕ್ಕೆ ಸೀಳಿ, ತಿರುಳಿಗೆ ಚಾಕುವಿನಿಂದ ಚೌಕಚೌಕವಾಗಿ ಗೀರು ಹಾಕಿ, ಮುಚ್ಚಿ ಮೈಕ್ರೋವೇವ್‌ನಲ್ಲಿ ಆರೇಳು ನಿಮಿಷ ಇಡಿ, ಇಲ್ಲವೇ ಹಬೆಯಲ್ಲಿ ಹತ್ತು ನಿಮಿಷ. ತಿರುಳು ತಗ್ಗಿ ಮೆತ್ತಗಾಗಿರುತ್ತದೆ. ಈಗ ಒಂದು ಚಿಕ್ಕ ಚಮಚ ಎಣ್ಣೆ ಸವರಿ ಬಾಣಲೆಯಲ್ಲಿ ಕೆಂಪಗೆ ಮಾಡಿದರೆ ಹುರಿದ ರುಚಿಯೂ ಬಂತು, ಎಣ್ಣೆಯೂ ಉಳಿಯಿತು. ಚಮಚದಿಂದ ನಡುವಿನ ತಿರುಳು ತೆಗೆದು ಹೂರಣಕ್ಕೇ ಕಲಸಿ. ಗೋಡೆ ಒಂದು ಸೆಂಟಿಮೀಟರ್ ದಪ್ಪ ಉಳಿದರೆ ಸಾಕು. ಅದಕ್ಕಿಂತ ತೆಳುವಾದರೆ ಎತ್ತುವಾಗ ಹರಿಯುತ್ತದೆ.

ಜುಕಿನಿ ಬೇಗ ಬೇಯುತ್ತದೆ, ಬೇಗ ಕೆಡುತ್ತದೆ. ಅದರಲ್ಲಿ 95 ಭಾಗ ನೀರು. ಸೀಳಿ, ಬೀಜದ ಭಾಗ ಕೆರೆದು, ಒಂದು ಚಿಟಿಕೆ ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು ಒರೆಸಿ. ಆಮೇಲೆ ಬಾಣಲೆಯಲ್ಲಿ ಮೂರು ನಾಲ್ಕು ನಿಮಿಷಕ್ಕಿಂತ ಜಾಸ್ತಿ ಬೇಡ. ಕೆರೆದ ಭಾಗವನ್ನು ಹೆಚ್ಚಿ, ನೀರು ಆರುವವರೆಗೆ ಹುರಿದು ಹೂರಣಕ್ಕೆ ಹಾಕಿ. ಹಸಿಯಾಗಿ ಹಾಕಿದರೆ ಹೂರಣವೇ ಗಂಜಿ.

ಟೊಮೆಟೊವನ್ನು ಮುಂಚೆ ಬೇಯಿಸಲೇಬಾರದು. ಗಟ್ಟಿ ಹಣ್ಣು ಆರಿಸಿ, ತಲೆ ಕತ್ತರಿಸಿ, ಒಳಗಿನ ಲೋಳೆ ತೆಗೆದು, ಒಳಗೆ ಉಪ್ಪು ಸವರಿ ಕಾಲು ಗಂಟೆ ಬೋರಲು ಹಾಕಿ. ಬಿಸಿ ಹೂರಣ ತುಂಬಿ ಹತ್ತು ನಿಮಿಷ ಬಿಸಿ ಮಾಡಿದರೆ ಸಾಕು. ಆ ಲೋಳೆ ಎಸೆಯಬೇಡಿ. ಟೊಮೆಟೊದ ರುಚಿಗೆ ಕಾರಣವಾದ ಗ್ಲುಟಮೇಟ್ ಗಟ್ಟಿ ಭಾಗಕ್ಕಿಂತ ಅದರಲ್ಲೇ ಜಾಸ್ತಿ. ಈರುಳ್ಳಿ ಬಾಡಿಸುವಾಗ ಸುರಿದುಬಿಡಿ.

ದೊಡ್ಡ ಅಣಬೆ ಅವಸರದವರ ಗೆಳೆಯ. ಅದರ ಕೋಶಗೋಡೆಯಲ್ಲಿ ಕೈಟಿನ್ ಇದೆ, ಅದು ಬಿಸಿಗೆ ಕರಗುವುದಿಲ್ಲ. ಹಾಗಾಗಿ ಐದು ನಿಮಿಷ ಹೆಚ್ಚು ಬೆಂದರೂ ಅಣಬೆ ಕೊಳೆತಂತೆ ಆಗುವುದಿಲ್ಲ. ತೊಟ್ಟು ಮುರಿದು ಹೂರಣಕ್ಕೆ ಹೆಚ್ಚಿ. ಟೋಪಿಯನ್ನು ಕುಳಿ ಕೆಳಗೆ ಮಾಡಿ ಮೊದಲು ಒಣ ಬಾಣಲೆಯಲ್ಲಿಟ್ಟರೆ ನೀರು ಬಿಡುತ್ತದೆ. ಆ ನೀರು ಆರಿದ ಮೇಲೆ ತಿರುಗಿಸಿ ತುಂಬಿ.

ಸಿಹಿಗೆಣಸು, ಆಲೂಗಡ್ಡೆ ತುಂಬಿದ ದಿನ ಹೂರಣದಲ್ಲಿ ಅನ್ನ ಬೇಡ, ಪಿಷ್ಟ ಆಗಲೇ ಇದೆ. ಎಲೆಕೋಸಿನ ಎಲೆಯಲ್ಲಿ ಸುತ್ತುವುದು ಚೆಂದ, ಆದರೆ ಒಂದೊಂದೇ ಎಲೆ ಬಿಡಿಸುವುದು ಕಷ್ಟ. ಮೊದಲೇ ಇಡೀ ಕೋಸನ್ನು ಫ್ರೀಜರ್‌ನಲ್ಲಿಟ್ಟು, ಆಮೇಲೆ ಕೆಳಗಿನ ಫ್ರಿಜ್‌ನಲ್ಲಿ ಪೂರ್ತಿ ಕರಗಲು ಬಿಟ್ಟರೆ ಎಲೆಗಳು ಬಾಡಿದಂತೆ ಬಗ್ಗುತ್ತವೆ. ಕುದಿಸುವ ಕೆಲಸವೇ ಇಲ್ಲ. ಸುತ್ತುವುದಕ್ಕೆ ಹೊತ್ತು ಹಿಡಿದೇ ಹಿಡಿಯುತ್ತದೆ, ಅದಕ್ಕೇ ನಾನು ಇದನ್ನು ಕೆಲಸದ ದಿನದ ಪಟ್ಟಿಗೆ ಸೇರಿಸುವುದಿಲ್ಲ.

ಓವನ್ ಬೇಕೇ ಅಂತ ಕೇಳಿದ್ದೀರಿ. ಬೇಡ. ಮುಚ್ಚಳವಿರುವ ಅಗಲ ಬಾಣಲೆ ಇದ್ದರೆ ಓವನ್‌ಗಿಂತ ಬೇಗ ಆಗುತ್ತದೆ. ಓವನ್ ಬಿಸಿಯಾಗಲೇ ಹತ್ತು ಹದಿನೈದು ನಿಮಿಷ ಬೇಕಲ್ಲ. ಬಾಣಲೆಯಲ್ಲಿ ಸಿಗದಿರುವುದು ಮೇಲಿನ ಗರಿಗರಿ ಕೆಂಪು ಪದರ ಒಂದೇ. ಮುಚ್ಚಳದ ಕೆಳಗೆ ಹಬೆ ತುಂಬಿರುವುದರಿಂದ ಮೇಲ್ಭಾಗ 100 ಡಿಗ್ರಿ ದಾಟುವುದಿಲ್ಲ, ಕೆಂಪಾಗಲು ಅದಕ್ಕಿಂತ ಬಹಳ ಜಾಸ್ತಿ ಬಿಸಿ ಬೇಕು. ಗರಿಗರಿ ಬೇಕೇ ಬೇಕು ಅಂದರೆ ಬೇರೆ ಬಾಣಲೆಯಲ್ಲಿ ಸ್ವಲ್ಪ ಬ್ರೆಡ್ ಪುಡಿ ಅಥವಾ ಒಡೆದ ಕಡಲೆಬೀಜ ಹುರಿದು, ಬಡಿಸುವಾಗ ಮೇಲೆ ಉದುರಿಸಿ. ಏರ್ ಫ್ರೈಯರ್ ಇದ್ದವರು 180 ಡಿಗ್ರಿಯಲ್ಲಿ ಆರೇಳು ನಿಮಿಷ ಕೊಡಬಹುದು, ಆದರೆ ಒಮ್ಮೆಗೆ ನಾಲ್ಕೈದು ಹೋಳಿಗಿಂತ ಜಾಸ್ತಿ ಹಿಡಿಯುವುದು ಕಷ್ಟ. ಪ್ರೆಶರ್ ಕುಕ್ಕರ್ ಕಾಳು ಬೇಯಿಸಲು ಇರಲಿ. ಕ್ಯಾಪ್ಸಿಕಂ ಅದರಲ್ಲಿ ನುಣ್ಣಗಾಗಿಬಿಡುತ್ತದೆ.

ಕಾಳು, ಅನ್ನ ಬೆಂದು ಫ್ರಿಜ್‌ನಲ್ಲಿದ್ದರೆ ಸಂಜೆಯ ಕೆಲಸ ಹೀಗೆ ಸಾಗುತ್ತದೆ. ಏಳೂಕಾಲಿಗೆ ಈರುಳ್ಳಿ ಹೆಚ್ಚಿ ಒಲೆಗೆ ಹಾಕಿ. ಅದು ಬಾಡುವಷ್ಟರಲ್ಲಿ ಕ್ಯಾಪ್ಸಿಕಂ ಸೀಳಿ ಇನ್ನೊಂದು ಒಲೆಯಲ್ಲಿ ಬೋರಲು ಇಡಿ. ಟೊಮೆಟೊ, ಕಾಳು, ಅನ್ನ ಸೇರಿ ಬಿಸಿಬಿಸಿ ಹೂರಣವಾಗುವಾಗ ಕ್ಯಾಪ್ಸಿಕಂ ಬೆಂದು ನೀರು ಬಸಿದಿರುತ್ತದೆ. ಬಿಸಿ ಹೋಳಿಗೆ ಬಿಸಿ ಹೂರಣ ತುಂಬಿ. ಒತ್ತಬೇಡಿ, ಸುಮ್ನೆ ಗುಡ್ಡೆ ಮಾಡಿ. ಮತ್ತೆ ಅದೇ ಬಾಣಲೆಗೆ ಹಾಕಿ ಮುಚ್ಚಿ, ಸಣ್ಣ ಉರಿಯಲ್ಲಿ ಐದರಿಂದ ಎಂಟು ನಿಮಿಷ. ಏಳು ಐವತ್ತಕ್ಕೆ ಊಟ. ಬಿಸಿಗೆ ಬಿಸಿ ತುಂಬುವುದನ್ನು ಮರೆಯಬೇಡಿ. ಫ್ರಿಜ್‌ನ ತಣ್ಣನೆ ಹೂರಣವನ್ನು ನೇರವಾಗಿ ತುಂಬಿದರೆ ಮತ್ತೆ ಮೊದಲಿನ ಕಷ್ಟಕ್ಕೇ ಬರುತ್ತೀರಿ.

ಹಿಂದಿನ ದಿನ ಮಾಡಿಡುವ ವಿಷಯದಲ್ಲಿ ಎಚ್ಚರ ಬೇಕಾದದ್ದು ಅನ್ನದ ಬಗ್ಗೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಅನ್ನ ಬೆಂದರೂ ಅವು ಸಾಯುವುದಿಲ್ಲ. ಬೆಚ್ಚಗೆ ಹೊರಗೇ ಬಿಟ್ಟರೆ ಬೆಳೆದು ವಿಷ ಬಿಡುತ್ತವೆ, ಆಮೇಲೆ ಎಷ್ಟು ಬಿಸಿ ಮಾಡಿದರೂ ವಾಂತಿ ತರಿಸುವ ಆ ವಿಷ ಹೋಗುವುದಿಲ್ಲ. ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್ ಸೇರಿಸಿ, ಮರುದಿನವೇ ಮುಗಿಸಿ. ಅನ್ನ ಸೇರಿಸದ ಕಾಳಿನ ಹೂರಣ ಫ್ರಿಜ್‌ನಲ್ಲಿ ಮೂರು ದಿನ, ಫ್ರೀಜರ್‌ನಲ್ಲಿ ಎರಡು ಮೂರು ತಿಂಗಳು ಚೆನ್ನಾಗಿರುತ್ತದೆ. ಹಾಗಾಗಿ ರಜೆಯ ದಿನ ಎರಡು ಪಟ್ಟು ಮಾಡಿ ಅರ್ಧ ಫ್ರೀಜರ್‌ಗೆ ಹಾಕಿಡುವುದು ಜಾಣತನ. ತುಂಬಿದ ಕಾಯಿಯನ್ನೇ ಫ್ರೀಜ್ ಮಾಡಬೇಡಿ. ಒಳಗಿನ ನೀರು ಮಂಜುಗಡ್ಡೆಯಾಗಿ ಕೋಶಗಳನ್ನು ಸೀಳುತ್ತದೆ, ಕರಗಿದಾಗ ಕಾಯಿ ಜೋತುಬೀಳುತ್ತದೆ.

ಖೀಮಾ ಬಳಸುವವರಿಗೂ ಬೇರೆ ಬೇಯಿಸುವ ಪದ್ಧತಿಯೇ ಕ್ಷೇಮ. ಕುರಿ, ದನ, ಹಂದಿಯ ಖೀಮಾ ನಡುವಿನವರೆಗೆ 71 ಡಿಗ್ರಿ, ಕೋಳಿಯದ್ದು 74 ಡಿಗ್ರಿ ಮುಟ್ಟಬೇಕು. ಹಸಿ ಖೀಮಾ ಕಾಯಿಯೊಳಗಿದ್ದರೆ ಥರ್ಮಾಮೀಟರ್ ಇಲ್ಲದೆ ಅದನ್ನು ತಿಳಿಯುವುದು ಕಷ್ಟ. ಬಾಣಲೆಯಲ್ಲೇ ಪೂರ್ತಿ ಹುರಿದುಕೊಂಡರೆ ಆ ಚಿಂತೆಯೇ ಇಲ್ಲ, ಬಿಟ್ಟ ಕೊಬ್ಬನ್ನೂ ಬಸಿಯಬಹುದು. ಖೀಮಾ ಅರ್ಧ, ಕಾಳು ಅರ್ಧ ಹಾಕಿದರೆ ಇನ್ನೂ ಹಗುರ, ತಿನ್ನುವವರಿಗೆ ಬಹಳ ಸಲ ಗೊತ್ತೂ ಆಗುವುದಿಲ್ಲ.

ಇನ್ನು ನಿಮ್ಮ ಮಗಳು. ಅವಳ ಮೇಲೆ ಬೇಜಾರು ಬೇಡ. ನೀವು ಹಸಿರು ಕ್ಯಾಪ್ಸಿಕಂ ತರುತ್ತಿದ್ದೀರಿ ಅಂತ ನನ್ನ ಊಹೆ. ಹಸಿರು ಅಂದರೆ ಹಣ್ಣಾಗದ ಕಾಯಿ, ಅದರಲ್ಲಿ ಕಹಿ ಇದೆ, ಮಕ್ಕಳ ನಾಲಿಗೆಗೆ ಅದು ಬೇಗ ಮುಟ್ಟುತ್ತದೆ. ಕೆಂಪು, ಹಳದಿ ಮಾಗಿದವು, ಸಿಹಿ. ದೊಡ್ಡವರಿಗೂ ತುಂಬಿ ತಿನ್ನಲು ಕೆಂಪೇ ಚೆಂದ ಅಂತ ನನ್ನ ಅಭಿಪ್ರಾಯ. ಅದರ ಜೊತೆಗೆ ಅರೆಬೆಂದ ಸಿಪ್ಪೆ ಅಗಿಯಲು ನಾರುನಾರು. ಪೂರ್ತಿ ಮೆತ್ತಗಾದ ಕೆಂಪು ಹೋಳು ಕೊಟ್ಟು ನೋಡಿ. ಬೇಕಾದರೆ ಅವಳ ಹೋಳನ್ನು ನಾಲ್ಕು ತುಂಡು ಮಾಡಿ ಕೊಡಿ, ಬಾಯಿಗೆ ಹೋಗುವ ತುತ್ತಿನಲ್ಲಿ ಎರಡೂ ಇರುತ್ತವೆ. ತುಂಬುವ ಕೆಲಸವನ್ನು ಅವಳಿಗೇ ಒಪ್ಪಿಸಿದರೆ ಇನ್ನೂ ಒಳ್ಳೆಯದು, ಬಿಸಿ ಸ್ವಲ್ಪ ಆರಿರಲಿ. ಅಷ್ಟಾದರೂ ಸಿಪ್ಪೆ ಬಿಟ್ಟರೆ ಬಿಡಲಿ. ಒಳಗಿನ ಕಾಳು, ಟೊಮೆಟೊ, ಸೊಪ್ಪು ಹೊಟ್ಟೆಗೆ ಹೋಗುತ್ತಿದೆಯಲ್ಲ, ಈ ಸದ್ಯಕ್ಕೆ ಅದು ಸಾಲದೇ?

ಹೂರಣ ಪ್ರತಿ ಸಲವೂ ಒಂದು ಬಟ್ಟಲು ಮಿಗುತ್ತದೆ, ಕಾಯಿಗಳ ಗಾತ್ರ ಒಂದೇ ಥರ ಇರುವುದಿಲ್ಲವಲ್ಲ. ಅದನ್ನು ಒತ್ತಿ ತುರುಕಬೇಡಿ. ಅನ್ನ ಅದೇ ದಿನ ಮಾಡಿದ್ದಾದರೆ ಕೂಡಲೇ ಫ್ರಿಜ್‌ಗೆ ಹಾಕಿಟ್ಟು, ಮರುದಿನ ಬೆಳಿಗ್ಗೆ ಬಾಣಲೆಯಲ್ಲಿ ಹಬೆಯಾಡುವಷ್ಟು ಬಿಸಿ ಮಾಡಿ, ನಡುವೆ ಎರಡು ಗುಳಿ ಮಾಡಿ ಮೊಟ್ಟೆ ಒಡೆದು ಮುಚ್ಚಿದರೆ ತಿಂಡಿಗಾಯಿತು. ಮೊಟ್ಟೆ ತಿನ್ನದವರು ಒಂದು ಲೋಟ ನೀರು, ಸ್ವಲ್ಪ ಕಾಳುಮೆಣಸಿನ ಪುಡಿ ಸೇರಿಸಿ ಕುದಿಸಿದರೆ ಗಟ್ಟಿ ಸೂಪ್.